ಕೆಂಪು ಕಣದೊಳಗೆ ಸಕ್ಕರೆಯ ರುಜು

ವೈದ್ಯರನ್ನು ಕಾಣುವ ಮುನ್ನ ಎರಡು ದಿನ ಸಿಹಿ ಬಿಟ್ಟು, ಅನ್ನ ಕಡಿಮೆ ಮಾಡಿ, ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಪಾಸಾಗುವ ಮಧುಮೇಹಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಜನರು ‘ಮೂರು ತಿಂಗಳ ಶುಗರ್’ ಎನ್ನುವ ಎಚ್‌ಬಿಎ1ಸಿ ಪರೀಕ್ಷೆಯ ಮುಂದೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಆ ಪರೀಕ್ಷೆಯ ಮೂಲದಲ್ಲಿರುವುದು ಇರಾನಿನ ವಿಜ್ಞಾನಿ ಸ್ಯಾಮ್ಯುಯೆಲ್ ರಹ್‌ಬರ್ 1968ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ.

ರಹ್‌ಬರ್ ಹುಡುಕುತ್ತಿದ್ದುದು ಸಕ್ಕರೆಯನ್ನಲ್ಲ. ಕೆಂಪು ರಕ್ತಕಣದಲ್ಲಿ ಆಮ್ಲಜನಕ ಹೊರುವ ಪ್ರೋಟೀನಾದ ಹಿಮೋಗ್ಲೋಬಿನ್ನಿನಲ್ಲಿ ವಂಶಪಾರಂಪರ್ಯವಾಗಿ ಬರುವ ವ್ಯತ್ಯಾಸಗಳನ್ನು ಪತ್ತೆಹಚ್ಚಲು ಅವರು ಟೆಹರಾನಿನಲ್ಲಿ ರೋಗಿಗಳ ರಕ್ತದ ಮಾದರಿಗಳನ್ನು ಅಗರ್ ಜೆಲ್‌ನಲ್ಲಿಟ್ಟು ವಿದ್ಯುತ್ ಹಾಯಿಸಿ ನೋಡುತ್ತಿದ್ದಾಗ, ಇಬ್ಬರ ರಕ್ತದಲ್ಲಿ ಹಿಮೋಗ್ಲೋಬಿನ್ನಿನ ಎಂದಿನಂತಿಲ್ಲದ ಒಂದು ಗೆರೆಪಟ್ಟಿ ಜೆಲ್ ಮೇಲೆ ಕಂಡಿತು. ಇಬ್ಬರೂ ಮಧುಮೇಹಿಗಳು. ಮುಂದೆ 47 ಮಧುಮೇಹಿಗಳನ್ನು ಪರೀಕ್ಷಿಸಿದಾಗಲೂ ಅದೇ ಪಟ್ಟಿ. 1962ರಲ್ಲೇ ಹ್ಯೂಸ್‌ಮನ್ ಮತ್ತು ಡೋಜಿ ಎಂಬ ಸಂಶೋಧಕರು ಮಧುಮೇಹಿಗಳಲ್ಲಿ ಇಂಥ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು ಕಂಡಿದ್ದರು. ಆದರೆ ಅದು ರೋಗಿಗಳು ಸಕ್ಕರೆ ಇಳಿಸಲು ಸೇವಿಸುತ್ತಿದ್ದ ಟಾಲ್‌ಬ್ಯುಟಮೈಡ್ ಮಾತ್ರೆಯ ಪರಿಣಾಮವೆಂದು ಭಾವಿಸಿದರು. ಕಂಡದ್ದು ಒಂದೇ, ಓದಿಕೊಂಡದ್ದು ಬೇರೆ. ರಹ್‌ಬರ್ ನ್ಯೂಯಾರ್ಕಿನ ಹೆಲೆನ್ ರ‍್ಯಾನಿ ಮೊದಲಾದವರೊಡನೆ 1969ರಲ್ಲಿ ಇನ್ನೊಂದು ಪ್ರಬಂಧ ಬರೆದು ಆ ಪಟ್ಟಿಗೂ ಮಧುಮೇಹಕ್ಕೂ ಇರುವ ಸಂಬಂಧವನ್ನು ಗಟ್ಟಿಗೊಳಿಸಿದರು.

ಆ ಪಟ್ಟಿ ಸಕ್ಕರೆ ಅಂಟಿಕೊಂಡ ಹಿಮೋಗ್ಲೋಬಿನ್ನಿನದು. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಇದು ಅಡುಗೆಮನೆಯ ಸಂಗತಿ. ಕಾವಲಿಯ ಮೇಲೆ ದೋಸೆ ಕೆಂಪಗಾಗುವಾಗ ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿಕೊಳ್ಳುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ ಇದನ್ನು 1912ರಲ್ಲಿ ವಿವರಿಸಿದ್ದರು. ದೇಹದ 37 ಡಿಗ್ರಿ ಶಾಖದಲ್ಲಿ ಅದೇ ಕ್ರಿಯೆ ಯಾವ ಕಿಣ್ವದ ನೆರವೂ ಇಲ್ಲದೆ ಮೆಲ್ಲಮೆಲ್ಲನೆ ನಡೆಯುತ್ತದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ತುದಿಯಲ್ಲಿರುವ ವ್ಯಾಲೀನ್ ಎಂಬ ಅಮೈನೋ ಆಮ್ಲಕ್ಕೆ ಗ್ಲೂಕೋಸ್ ಅಂಟಿಕೊಳ್ಳುತ್ತದೆ; ಮೊದಲು ಬಿಡಿಸಿಕೊಳ್ಳಬಹುದಾದ ಬಂಧ, ಆಮೇಲೆ ಸುಲಭಕ್ಕೆ ಬಿಡದ ಬಂಧ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನಗಳಾದ್ದರಿಂದ, ಅಷ್ಟು ದಿನಗಳ ಸಕ್ಕರೆಯ ಲೆಕ್ಕ ಅದರೊಳಗೆ ಉಳಿಯುತ್ತದೆ. ಹೀಗೆ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ನಿನ ಪಾಲೇ ಎಚ್‌ಬಿಎ1ಸಿ; ಅದು ಶೇಕಡಾ 6.5 ಅಥವಾ ಹೆಚ್ಚಿದ್ದರೆ ಮಧುಮೇಹವೆಂದು ಇಂದು ಪರಿಗಣಿಸಲಾಗುತ್ತದೆ.

ಆದರೆ ನಾವು ಅಳೆಯುವ ಗುರುತು ಅಷ್ಟೇನೂ ಅಪಾಯಕಾರಿಯಲ್ಲ. ಕಣ ಸತ್ತಾಗ ಅದೂ ಹೋಗುತ್ತದೆ. ತೊಂದರೆ ಇರುವುದು ದೀರ್ಘಾಯುಷಿ ಪ್ರೋಟೀನುಗಳಲ್ಲಿ. ಕಣ್ಣಿನ ಮಸೂರದ ಕ್ರಿಸ್ಟಲಿನ್, ರಕ್ತನಾಳದ ಗೋಡೆಯ ಕೊಲಾಜನ್ ಮುಂತಾದವು ವರ್ಷಗಟ್ಟಲೆ ಬದಲಾಗುವುದಿಲ್ಲ. ಅವುಗಳಿಗೆ ಅಂಟಿದ ಸಕ್ಕರೆ ಹಂತಹಂತವಾಗಿ ರೂಪ ಬದಲಿಸಿ, ಪಕ್ಕಪಕ್ಕದ ಎಳೆಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ನಾಳ ಪೆಡಸಾಗುತ್ತದೆ, ಮೂತ್ರಪಿಂಡದ ಸೋಸುಪೊರೆ ದಪ್ಪಗಾಗುತ್ತದೆ. ಮಧುಮೇಹದ ಎಲ್ಲ ತೊಡಕುಗಳಿಗೂ ಇದೊಂದೇ ಕಾರಣವೆಂದರೆ ತಪ್ಪಾದೀತು, ಬೇರೆ ದಾರಿಗಳೂ ಇವೆ.

ಅಮೆರಿಕ ಮತ್ತು ಕೆನಡಾದ 1441 ಟೈಪ್ 1 ಮಧುಮೇಹಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವು, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣು, ಮೂತ್ರಪಿಂಡ, ನರಗಳ ತೊಡಕುಗಳು ಬಹುವಾಗಿ ತಗ್ಗಿದ್ದನ್ನು ತೋರಿಸಿತು. ಅದರಲ್ಲಿ ಕೆಲವರ ಚರ್ಮದ ಕೊಲಾಜನ್ನನ್ನು ಪರೀಕ್ಷಿಸಿದಾಗ, ಅಲ್ಲಿ ಶೇಖರವಾದ ಸಕ್ಕರೆಯ ಗುರುತುಗಳು ಮುಂದಿನ ಹತ್ತು ವರ್ಷಗಳ ಅಪಾಯವನ್ನು ಮುಂಚಿತವಾಗಿ ಸೂಚಿಸುತ್ತಿದ್ದುದು ಕಂಡುಬಂತು.

ಇರಾನ್ ಬಿಟ್ಟು ಕ್ಯಾಲಿಫೋರ್ನಿಯಾ ಸೇರಿದ ರಹ್‌ಬರ್, 2012ರಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ ಈ ಹೊಲಿಗೆಯನ್ನು ತಡೆಯುವ ಸಂಯುಕ್ತಗಳ ಬೆನ್ನುಹತ್ತಿದರು. ಮಧುಮೇಹವಿರುವ ಇಲಿಗಳಲ್ಲಿ ಕೆಲವು ಫಲ ಕೊಟ್ಟವು. ಔಷಧಿ ಅಂಗಡಿಯವರೆಗೆ ಮಾತ್ರ ಬರಲಿಲ್ಲ.

ಪರೀಕ್ಷೆಗೂ ಅದರದೇ ಮಿತಿಗಳಿವೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಅಂಕಿ ಇರಬೇಕಾದುದಕ್ಕಿಂತ ಏರಿರಬಹುದು, ಕಣಗಳು ಬೇಗ ನಾಶವಾಗುವ ಕಾಯಿಲೆಗಳಲ್ಲಿ ಇಳಿದಿರಬಹುದು. ಚಾಮರಾಜನಗರದ ಸೋಲಿಗರಂಥ ಸಮುದಾಯಗಳಲ್ಲಿ ಕೆಂಪು ಕಣವನ್ನು ಕುಡುಗೋಲಿನಂತೆ ಬಾಗಿಸುವ ಸಿಕಲ್ ಸೆಲ್ ಹಿಮೋಗ್ಲೋಬಿನ್ ಇರುವುದರಿಂದ, ಅಲ್ಲಿ ಬರಿಯ ಈ ಒಂದು ಅಂಕಿಯನ್ನು ನಂಬುವಂತಿಲ್ಲ. ರಹ್‌ಬರ್ ಮೊದಲು ಹುಡುಕಹೊರಟಿದ್ದ ಹಿಮೋಗ್ಲೋಬಿನ್ ವ್ಯತ್ಯಾಸಗಳೇ ಈಗ ಅವರ ಶೋಧದಿಂದ ಹುಟ್ಟಿದ ಪರೀಕ್ಷೆಯನ್ನು ದಾರಿ ತಪ್ಪಿಸುತ್ತಿವೆ.