ಯುದ್ಧಕಾಲದ ಸಿಂಫನಿ ನಿಮ್ಮ ಚಿತ್ರಕ್ಕೆ ಬೇಕೇ? ಮೊದಲು ಅದು ಪ್ರಕಟವಾದ ವರ್ಷ ಹುಡುಕಿ

ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ಹತ್ತಿರ ಬಂತು ಅಂದರೆ ಕಲಬುರಗಿಯಲ್ಲಿ ಡಾಕ್ಯುಮೆಂಟರಿ ಮಾಡುವವರಿಗೆ ಸುಗ್ಗಿ. ರಜಾಕಾರರ ಕಾಲದ ನೆನಪು ಹೇಳುವ ಒಬ್ಬ ಅಜ್ಜ, ಕೋಟೆಯ ಮೇಲಿಂದ ಒಂದು ಡ್ರೋನ್ ಶಾಟ್, 1948ರ ಪೊಲೀಸ್ ಕಾರ್ಯಾಚರಣೆಯ ಹಳೇ ಫೋಟೊಗಳು. ಇವುಗಳ ಹಿಂದೆ ಭಾರವಾದ ಸಂಗೀತ ಬೇಕೇ ಬೇಕು. ಅದು ಬರುವುದು ಸಾಮಾನ್ಯವಾಗಿ ಇಂಟರ್‌ನೆಟ್‌ನಿಂದ ಇಳಿಸಿಕೊಂಡ 1940ರ ದಶಕದ ಯಾವುದೋ ಸಿಂಫನಿಯಿಂದ, ಅಂದರೆ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಪಾಶ್ಚಾತ್ಯ ರಚನೆಯಿಂದ. ಹಳೇ ಗ್ರಾಮಫೋನ್ ಪ್ಲೇಟಿನ ಕರಕರ ಸದ್ದು, ದೂರದಲ್ಲೆಲ್ಲೋ ಬಾರಿಸಿದಂತೆ ಕೇಳುವ ಡ್ರಮ್ಮು. ದೃಶ್ಯಕ್ಕೆ ಚೆನ್ನಾಗಿಯೇ ಕೂರುತ್ತದೆ, ಸುಳ್ಳು ಹೇಳಬಾರದು. ಹಕ್ಕಿನ ಮಾತೆತ್ತಿದರೆ ಮಾತ್ರ ಒಂದೇ ಉತ್ತರ: "ಎಂಬತ್ತು ವರ್ಷದ ಹಿಂದಿಂದು ಅದ ಸರ್, ಈಗ ಯಾರ್ ಕೇಳ್ತಾರ?"

ಕೇಳುವವರು ಇದ್ದಾರೆ. ನಾನು ಇಲ್ಲಿನ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವವನು. ಜಮೀನು ತಕರಾರೇ ಜಾಸ್ತಿ. ಆದರೆ ಈಚೆಗೆ ಯೂಟ್ಯೂಬ್, ಒಟಿಟಿ ಬಂದ ಮೇಲೆ ಕಾಪಿರೈಟ್ ನೋಟಿಸ್ ಹಿಡಿದುಕೊಂಡು ಬರುವವರೂ ಇದ್ದಾರೆ.

ಒಂದು ರೆಕಾರ್ಡಿಂಗ್‌ನಲ್ಲಿ ಎರಡು ಹಕ್ಕು ಇರುತ್ತವೆ. ಸಂಗೀತ ರಚನೆಯದು ಒಂದು. ಅದನ್ನು ಆರ್ಕೆಸ್ಟ್ರಾ ನುಡಿಸಿದಾಗ ಹಿಡಿದಿಟ್ಟ ಧ್ವನಿಮುದ್ರಣದ್ದು ಇನ್ನೊಂದು. ನಮ್ಮ ಕಡೆ ಹೊಲ ಒಬ್ಬರದು, ಲಾವಣಿಗೆ ಹಿಡಿದು ತೊಗರಿ ಬೆಳೆದವರು ಇನ್ನೊಬ್ಬರು ಇರುವ ಹಾಗೆ. ಬೆಳೆದವನ ಒಪ್ಪಿಗೆ ತಂದು ಹೊಲದಲ್ಲಿ ಬೋರ್ ಕೊರೆಸಲು ಆಗಲ್ಲ, ಅಲ್ವಾ? ರಚನೆಯನ್ನು ದೃಶ್ಯಕ್ಕೆ ಜೋಡಿಸಲು ಸಂಗೀತ ಪ್ರಕಾಶಕರಿಂದ ಪಡೆಯುವುದು ಸಿಂಕ್ ಲೈಸೆನ್ಸ್. ಆ ನಿರ್ದಿಷ್ಟ ರೆಕಾರ್ಡಿಂಗ್ ಬಳಸಲು ರೆಕಾರ್ಡ್ ಕಂಪನಿಯಿಂದ ಪಡೆಯುವುದು ಮಾಸ್ಟರ್ ಲೈಸೆನ್ಸ್. ಕೆಲವರು ಫಂಕ್ಷನ್ ಹಾಲಿನಲ್ಲಿ ಹಾಡು ಹಾಕಲು ಹಕ್ಕಿನ ಹಣ ವಸೂಲಿ ಮಾಡುವ ಸಂಸ್ಥೆಗಳಾದ ಐಪಿಆರ್‌ಎಸ್ ಅಥವಾ ಪಿಪಿಎಲ್‌ಗೆ ಹಣ ಕಟ್ಟಿದ ರಸೀದಿ ತೋರಿಸಿ "ಲೈಸೆನ್ಸ್ ಐತಲ್ರಿ" ಅನ್ನುತ್ತಾರೆ. ಅದು ಹಾಲಿನಲ್ಲಿ ಜನರಿಗೆ ಹಾಡು ಕೇಳಿಸಲು ಕೊಟ್ಟ ಅನುಮತಿ. ಸಿನಿಮಾಕ್ಕೆ ಅದರಿಂದ ಏನೂ ಉಪಯೋಗ ಇಲ್ಲ.

ರಚನೆಯ ಲೆಕ್ಕ ಸುಲಭ. 1957ರ ನಮ್ಮ ಕಾಪಿರೈಟ್ ಕಾಯ್ದೆಯ ಪ್ರಕಾರ ಸಂಗೀತಗಾರ ತೀರಿಕೊಂಡ ಮರುವರ್ಷದಿಂದ 60 ವರ್ಷ. ಬೀಥೋವನ್ ತೀರಿಕೊಂಡಿದ್ದು 1827ರಲ್ಲಿ. ಅವನ ಐದನೇ ಸಿಂಫನಿಯ ಮೊದಲ ನಾಲ್ಕು ಸ್ವರಗಳು ಮೋರ್ಸ್ ಸಂಕೇತದಲ್ಲಿ ‘ವಿ’ ಅಕ್ಷರದಂತೆ ಕೇಳುತ್ತವೆ ಅಂತ ಎರಡನೇ ಮಹಾಯುದ್ಧದಲ್ಲಿ ಬಿಬಿಸಿ ಅದನ್ನು ಗೆಲುವಿನ (ವಿಕ್ಟರಿ) ಗುರುತಾಗಿ ಬಳಸಿತು. ಆ ರಚನೆಗೆ ಇವತ್ತು ಯಾರ ಅನುಮತಿಯೂ ಬೇಡ. ಆದರೆ ಚಿತ್ರದವರಿಗೆ ಬೀಥೋವನ್‌ಗಿಂತ ಸೋವಿಯತ್ ಸಂಗೀತಗಾರ ಶೋಸ್ತಕೋವಿಚ್‌ನ ಏಳನೇ ಸಿಂಫನಿ ಮೇಲೆ ಕಣ್ಣು. ಅದಕ್ಕೆ ಕಾರಣವೂ ಇದೆ. ಜರ್ಮನ್ ಸೈನ್ಯ ನಡೆಸಿದ ಲೆನಿನ್‌ಗ್ರಾಡ್ ಮುತ್ತಿಗೆಯ ಹೊತ್ತಿನಲ್ಲಿ ಹುಟ್ಟಿದ ಸಂಗೀತ ಅದು. ಮೊದಲು ನುಡಿಸಿದ್ದು 1942ರ ಮಾರ್ಚ್‌ನಲ್ಲಿ, ಕುಯ್ಬಿಶೆವ್ ನಗರದಲ್ಲಿ. ಸ್ಕೋರನ್ನು (ಸ್ವರ ಬರೆದ ಹಾಳೆಗಳನ್ನು) ಮೈಕ್ರೋಫಿಲ್ಮ್ ಮಾಡಿ ಟೆಹರಾನ್ ಮೂಲಕ ಪಶ್ಚಿಮಕ್ಕೆ ಕಳಿಸಿದರು. ಜುಲೈ 19ಕ್ಕೆ ಆರ್ಕೆಸ್ಟ್ರಾ ನಿರ್ದೇಶಕ ಟೋಸ್ಕನಿನಿ ಅದನ್ನು ಅಮೆರಿಕದ ಎನ್‌ಬಿಸಿ ರೇಡಿಯೊದಲ್ಲಿ ನುಡಿಸಿದ. ಆಗಸ್ಟ್ 9ಕ್ಕೆ ಮುತ್ತಿಗೆಯ ಒಳಗೇ, ಹಸಿವಿನಿಂದ ಸೊರಗಿದ ವಾದಕರನ್ನು ಕೂಡಿಸಿಕೊಂಡು ಎಲಿಯಾಸ್‌ಬರ್ಗ್ ನುಡಿಸಿದ. ಧ್ವನಿವರ್ಧಕದಲ್ಲಿ ಅದನ್ನು ಜರ್ಮನ್ ಸೈನ್ಯಕ್ಕೂ ಕೇಳಿಸಿದರು.

ಇಂಥ ಕತೆ ಇದ್ದಾಗ ಯಾರಿಗೆ ಆಸೆ ಆಗಲ್ಲ ಹೇಳಿ. ಆದರೆ ಶೋಸ್ತಕೋವಿಚ್ ತೀರಿಕೊಂಡಿದ್ದು 1975ರಲ್ಲಿ. ನಮ್ಮ ದೇಶದಲ್ಲಿ ಅವನ ರಚನೆಯ ಹಕ್ಕು 2035ರ ಡಿಸೆಂಬರ್ ಕೊನೆಯವರೆಗೂ ಇದೆ. ಯುರೋಪಿನಲ್ಲಿ 60ರ ಬದಲು 70 ವರ್ಷ, ಅಂದರೆ 2045. ರಷ್ಯಾದಲ್ಲಿ ಇನ್ನೊಂದು ತಮಾಷೆ. ಆ ಯುದ್ಧದ ಕಾಲದಲ್ಲಿ ಕೆಲಸ ಮಾಡಿದ ಲೇಖಕರು, ಸಂಗೀತಗಾರರಿಗೆ 70ರ ಮೇಲೆ 4 ವರ್ಷ ಜಾಸ್ತಿ. ಯುದ್ಧ ಇಲ್ಲಿ ಬರೀ ಸಂಗೀತದ ವಿಷಯ ಆಗಿ ಉಳಿಯದೆ ಲೆಕ್ಕದೊಳಗೂ ಬಂದು ಕೂತಿದೆ. ಹಾಗಾಗಿ ರೆಕಾರ್ಡಿಂಗ್ ಬಿಟ್ಟಿ ಸಿಕ್ಕರೂ ಈ ರಚನೆಗೆ ಪ್ರಕಾಶಕರ ಬಾಗಿಲು ತಟ್ಟಲೇಬೇಕು. ಆ ಪ್ರಕಾಶಕರೂ ದೇಶಕ್ಕೊಬ್ಬರು ಇರಬಹುದು.

ಇನ್ನು ರೆಕಾರ್ಡಿಂಗ್. ಜನ ಎಡವುವುದು ಇಲ್ಲೇ. ಕಾಯ್ದೆಯ 27ನೇ ಸೆಕ್ಷನ್ ಧ್ವನಿಮುದ್ರಣಕ್ಕೆ ಕೊಡುವುದೂ 60 ವರ್ಷವೇ. ಆದರೆ ಅದನ್ನು ಎಣಿಸುವುದು ನುಡಿಸಿದ ವರ್ಷದಿಂದ ಅಲ್ಲ, ಪ್ರಕಟವಾದ ವರ್ಷದ ಮರುವರ್ಷದಿಂದ. 1942ರ ರೇಡಿಯೊ ಬಿತ್ತರವೊಂದನ್ನು ಮುದ್ರಿಸಿಕೊಂಡದ್ದು ಅದೇ ವರ್ಷ ಪ್ಲೇಟಾಗಿ ಅಂಗಡಿಗೆ ಬಂದಿದ್ದರೆ 2002ಕ್ಕೆ ಮುಗಿಯಿತು, ನಮ್ಮ ದೇಶದ ಮಟ್ಟಿಗೆ ನಿರಾಳ. ಅದೇ ಬಿತ್ತರ ಯಾವುದೋ ಕಪಾಟಿನಲ್ಲಿ ಬಿದ್ದಿದ್ದು 1967ರಲ್ಲಿ ಮೊದಲ ಸಲ ಉದ್ದ ಓಡುವ ಪ್ಲೇಟು, ಅಂದರೆ ಎಲ್‌ಪಿಯಾಗಿ ಬಂತು ಅಂದುಕೊಳ್ಳಿ. ಆಗ 2027ರ ಕೊನೆಯವರೆಗೂ ಹಕ್ಕು ಜೀವಂತ.

ಯುದ್ಧಕಾಲದ ರೆಕಾರ್ಡಿಂಗ್‌ಗಳಲ್ಲಿ ಈ ಅಂತರ ತುಂಬಾ ಸಾಮಾನ್ಯ. ಆಗ ಪ್ಲೇಟ್ ಮಾಡಲು ಅರಗು ಬೇಕಿತ್ತು, ಅದು ಹೋಗುತ್ತಿದ್ದದ್ದು ಹೆಚ್ಚಾಗಿ ನಮ್ಮ ದೇಶದಿಂದಲೇ. ಯುದ್ಧದಿಂದ ಹಡಗುಗಳ ಓಡಾಟ ಕೆಟ್ಟು ಅಮೆರಿಕದಲ್ಲಿ ಅರಗಿಗೆ ಅಭಾವ ಬಂತು. ಅದರ ಮೇಲೆ 1942ರ ಆಗಸ್ಟ್ 1ರಿಂದ ಅಲ್ಲಿನ ವಾದಕರ ಸಂಘ ರೆಕಾರ್ಡಿಂಗ್ ಬಹಿಷ್ಕಾರ ಹೂಡಿತು. ಆರ್‌ಸಿಎ, ಕೊಲಂಬಿಯಾ ರೆಕಾರ್ಡ್ ಕಂಪನಿಗಳು ಸಂಘದ ಜೊತೆ ಒಪ್ಪಂದಕ್ಕೆ ಬಂದಿದ್ದು 1944ರ ನವೆಂಬರ್‌ನಲ್ಲಿ. ಅಷ್ಟು ದಿನ ಆರ್ಕೆಸ್ಟ್ರಾಗಳು ರೇಡಿಯೊಗೆ ನುಡಿಸುತ್ತಲೇ ಇದ್ದವು, ಆ ವಾದನ ಮಾತ್ರ ಪ್ಲೇಟಾಗಿ ಅಂಗಡಿಗೆ ಬರುತ್ತಿರಲಿಲ್ಲ. ಜರ್ಮನಿಯ ಕತೆ ಇನ್ನೂ ಗೋಜಲು. ಅಲ್ಲಿನ ರೇಡಿಯೊ ಆಗಲೇ ಮ್ಯಾಗ್ನೆಟಿಕ್ ಟೇಪ್ ಬಳಸುತ್ತಿತ್ತು. ಆರ್ಕೆಸ್ಟ್ರಾ ನಿರ್ದೇಶಕ ಫುರ್ಟ್‌ವೆಂಗ್ಲರ್ 1942ರ ಮಾರ್ಚ್‌ನಲ್ಲಿ ಬರ್ಲಿನ್‌ನಲ್ಲಿ ನುಡಿಸಿದ ಬೀಥೋವನ್ ಒಂಬತ್ತನೇ ಸಿಂಫನಿ ಹಾಗೆ ಉಳಿದದ್ದು. ಯುದ್ಧ ಮುಗಿದ ಮೇಲೆ ಆ ಕಾಲದ ಎಷ್ಟೋ ಟೇಪುಗಳನ್ನು ಸೋವಿಯತ್‌ನವರು ಹೊತ್ತೊಯ್ದರು. ಮುಂದೆ ಅಲ್ಲೇ ಎಲ್‌ಪಿಗಳಾದವು. 1980ರ ದಶಕದ ಕೊನೆಯಲ್ಲಿ ಪ್ರತಿಗಳು ಬರ್ಲಿನ್‌ಗೆ ವಾಪಸ್ ಬಂದವು. ಇದರ ಮಾಲೀಕರು ಯಾರು ಅಂತ ಕೇಳಿದರೆ ಕೈ ಎತ್ತುವವರು ಒಬ್ಬರಿಗಿಂತ ಜಾಸ್ತಿ.

ರೇಡಿಯೊದಲ್ಲಿ ಬಿತ್ತರವಾದದ್ದೂ ಪ್ರಕಟಣೆಯೇ ಅಲ್ಲವೇ ಅಂತ ಜಾಣರು ಕೇಳುತ್ತಾರೆ. ಕಾಯ್ದೆಯ 3ನೇ ಸೆಕ್ಷನ್ ಓದಿದರೆ ಹಾಗೆ ವಾದ ಮಾಡಲು ಜಾಗ ಇದೆ. ಅಂದು ಬಿತ್ತರವಾದದ್ದು ನೇರ ವಾದನ, ರೆಕಾರ್ಡಿಂಗ್ ಅಲ್ಲ ಅಂತ ಎದುರು ವಾದವೂ ಇದೆ. ನನಗಂತೂ ಈ ವಾದ ಇಷ್ಟವೇ. ಆದರೆ ವಾದ ಗೆಲ್ಲುವ ಹೊತ್ತಿಗೆ ನಿಮ್ಮ ಚಿತ್ರದ ಬಿಡುಗಡೆ ಮುಗಿದು ಎಷ್ಟೋ ಕಾಲ ಆಗಿರುತ್ತದೆ.

ಪ್ರಕಟವಾದ ವರ್ಷ ಹುಡುಕುವುದು ಹೇಗೆ? ಸಿಡಿ ಹಿಂದೆ ವೃತ್ತದೊಳಗೆ ‘ಪಿ’ ಅಕ್ಷರ, ಪಕ್ಕದಲ್ಲಿ ಒಂದು ವರ್ಷ ಇರುತ್ತದೆ. ಅದನ್ನೇ ನಂಬಬೇಡಿ. ಆ ಗುರುತು 1942ರಲ್ಲಿ ಇರಲೇ ಇಲ್ಲ. 1998 ಅಂತ ಇದ್ದರೆ ಅದು ಬಹುಶಃ ಹಳೇ ಸದ್ದನ್ನು ಶುದ್ಧ ಮಾಡಿ ರೀಮಾಸ್ಟರ್ ಮಾಡಿದ ವರ್ಷ. ಹಳೇ ಪ್ಲೇಟಿನ ಲೇಬಲ್ ಹತ್ತಿರ, ಗೆರೆಗಳು ಮುಗಿಯುವ ಜಾಗದಲ್ಲಿ ಕೊರೆದ ಮ್ಯಾಟ್ರಿಕ್ಸ್ ನಂಬರ್ ಇರುತ್ತದೆ. ಅದನ್ನೂ ಕ್ಯಾಟಲಾಗ್ ನಂಬರನ್ನೂ ಹಿಡಿದು ಡಿಸ್ಕೋಗ್ರಫಿಗಳಲ್ಲಿ (ಪ್ಲೇಟುಗಳ ಪಟ್ಟಿಗಳಲ್ಲಿ) ನೋಡಿದರೆ ಯಾವ ಕಂಪನಿ ಯಾವಾಗ ಹೊರತಂದಿತು ಅಂತ ಸಿಗುತ್ತದೆ. ರೀಮಾಸ್ಟರ್‌ಗೆ ಹೊಸ ಹಕ್ಕು ಹುಟ್ಟುತ್ತದೋ ಇಲ್ಲವೋ ಅನ್ನುವುದು ಜಗಳದ ವಿಷಯ. ಆ ಜಗಳಕ್ಕೆ ಹೋಗದೆ ಮೂಲ ಪ್ಲೇಟಿನಿಂದಲೇ ನೇರ ಡಿಜಿಟಲ್ ಮಾಡಿಸಿಕೊಳ್ಳುವುದು ಒಳ್ಳೆಯದು. ನಿಮಗೆ ಬೇಕಾದದ್ದೂ ಆ ಕರಕರ ಸದ್ದೇ ತಾನೆ?

ಇಷ್ಟೆಲ್ಲ ನಮ್ಮ ದೇಶದ ಲೆಕ್ಕ. ಯೂಟ್ಯೂಬ್‌ಗೆ ಹಾಕಿದ ಕ್ಷಣ ವಿಡಿಯೊ ಅಮೆರಿಕದಲ್ಲೂ ಓಡುತ್ತದೆ. ಅಲ್ಲಿ 2018ರ ಕಾನೂನಿನ ಪ್ರಕಾರ 1923ರಿಂದ 1946ರ ನಡುವೆ ಪ್ರಕಟವಾದ ರೆಕಾರ್ಡಿಂಗ್‌ಗಳಿಗೆ 100 ವರ್ಷ ರಕ್ಷಣೆ. 1942ರ ಪ್ಲೇಟು ಇಲ್ಲಿ 2002ಕ್ಕೇ ಮುಕ್ತ, ಅಲ್ಲಿ 2042ರವರೆಗೆ ಬಂದ್. ಯುರೋಪಿನಲ್ಲಿ ಆ ಪ್ಲೇಟು ಎಂದೋ ಮುಕ್ತವಾಗಿದೆ, ಯಾಕೆಂದರೆ 2011ರಲ್ಲಿ ಅವಧಿಯನ್ನು 50ರಿಂದ 70ಕ್ಕೆ ಏರಿಸಿದಾಗ ಆಗಲೇ ಮುಗಿದುಹೋದ ಹಕ್ಕುಗಳಿಗೆ ಮತ್ತೆ ಜೀವ ಕೊಡಲಿಲ್ಲ.

"ಮೂವತ್ತು ಸೆಕೆಂಡ್ ಒಳಗಾದ್ರ ನಡೀತದ" ಅನ್ನುವ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ, ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕ್ರಿಯೇಟಿವ್ ಕಾಮನ್ಸ್, ಅಂದರೆ ಷರತ್ತಿನ ಮೇಲೆ ಎಲ್ಲರಿಗೂ ಬಿಟ್ಟದ್ದು, ಅಂತ ಬರೆದದ್ದನ್ನು ಕಣ್ಮುಚ್ಚಿ ತೆಗೆದುಕೊಳ್ಳಬೇಡಿ. ಸಂಗೀತವನ್ನು ಚಲಿಸುವ ದೃಶ್ಯಕ್ಕೆ ಜೋಡಿಸಿದರೆ ಆ ಲೈಸೆನ್ಸ್‌ಗಳ ಪ್ರಕಾರ ಅದು ರೂಪಾಂತರ. ‘ಎನ್‌ಡಿ’ ಅಂತ ಇದ್ದರೆ ರೂಪಾಂತರ ಹಂಚುವ ಹಾಗಿಲ್ಲ, ಅಂದರೆ ನಿಮ್ಮ ಚಿತ್ರಕ್ಕೆ ಅದು ಕೆಲಸಕ್ಕೆ ಬಾರದು.

ಈಗ ಕಾಗದಕ್ಕೆ ಬರೋಣ. ಒಬ್ಬರು ತೋರಿಸಿದ ಅನುಮತಿ ಪತ್ರದಲ್ಲಿ ಇದ್ದದ್ದು ಎರಡೇ ಸಾಲು. ಇಂಥ ರೆಕಾರ್ಡಿಂಗನ್ನು ಇಂಥ ಸಾಕ್ಷ್ಯಚಿತ್ರದಲ್ಲಿ ಬಳಸಬಹುದು, ಹಣ ಸಂದಿದೆ. ಕೆಳಗೆ ಸಹಿ, ಮೊಹರು. ನೋಡಲು ಚೆನ್ನಾಗಿತ್ತು. ಆದರೆ ಎಷ್ಟು ವರ್ಷ ಅಂತ ಬರೆದಿರಲಿಲ್ಲ, ಯಾವ ದೇಶಗಳಿಗೆ ಅಂತಲೂ ಇರಲಿಲ್ಲ. 19ನೇ ಸೆಕ್ಷನ್ ಹೇಳುವುದು ಏನೆಂದರೆ, ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಆ ಸೆಕ್ಷನ್ ಇರುವುದು ಹಕ್ಕನ್ನೇ ವರ್ಗಾಯಿಸುವ ಪತ್ರಕ್ಕೆ, ಆದರೆ 30ಎ ಸೆಕ್ಷನ್ ಮೂಲಕ ಇದು ಲೈಸೆನ್ಸಿಗೂ ಅನ್ವಯ. ದುಬೈನಲ್ಲಿರುವ ನಮ್ಮ ಊರಿನವರು ಯೂಟ್ಯೂಬ್‌ನಲ್ಲಿ ನೋಡಿದರೂ ಆ ಪತ್ರ ನಿಮ್ಮನ್ನು ಕಾಯುವುದಿಲ್ಲ. ಜೊತೆಗೆ, ಆ ಪತ್ರ ರೆಕಾರ್ಡಿಂಗ್‌ಗೆ ಮಾತ್ರ. ರಚನೆಯ ಸುದ್ದಿಯೇ ಅದರಲ್ಲಿ ಇರಲಿಲ್ಲ.

ಪತ್ರದಲ್ಲಿ ಇರಬೇಕಾದ್ದು ಇಷ್ಟು: ಎಷ್ಟು ಸೆಕೆಂಡ್, ಯಾವ ಯಾವ ಮಾಧ್ಯಮ, ಯಾವ ದೇಶ, ಎಷ್ಟು ವರ್ಷ, ಟ್ರೇಲರ್‌ಗೂ ಸೇರಿಯೋ ಇಲ್ಲವೋ. ಹಕ್ಕು ತಮ್ಮದೇ ಅಂತ ಅವರು ಭರವಸೆ ಕೊಡಬೇಕು. ಬೇರೆ ಯಾರಾದರೂ ತಕರಾರು ತೆಗೆದರೆ ನಷ್ಟ ತಾವೇ ಭರಿಸುತ್ತೇವೆ ಅಂತಲೂ ಬರೆಯಿಸಿಕೊಳ್ಳಿ. ಯುದ್ಧಕಾಲದ ಟೇಪುಗಳಿಗೆ ಈ ಸಾಲು ಬಿಟ್ಟರೆ ಕೆಟ್ಟಿರಿ. ಕೈಯಲ್ಲಿ ಕಾಸು ಕಡಿಮೆ ಇದ್ದರೆ ಮೊದಲು ಚಿತ್ರೋತ್ಸವಗಳಿಗೆ ಮಾತ್ರ ಲೈಸೆನ್ಸ್ ಕೇಳಿ, ಅದು ಅಗ್ಗ. ಆದರೆ ಮುಂದೆ ಒಟಿಟಿಗೆ ಹೋದರೆ ಎಷ್ಟು ಅನ್ನುವ ದರವನ್ನು ಈಗಲೇ ಬರೆಯಿಸಿಕೊಳ್ಳಿ. ಚಿತ್ರ ಗೆದ್ದ ಮೇಲೆ ಚೌಕಾಸಿ ಮಾಡಲು ಹೋದರೆ ಬೆಲೆ ಅವರದ್ದೇ.

ಇದೆಲ್ಲ ಆಗಲ್ಲ ಅನ್ನುವವರಿಗೆ ನನ್ನ ಸಲಹೆ ನೇರ. ಶೋಸ್ತಕೋವಿಚ್ ಬಿಡಿ, ಬೀಥೋವನ್ ಹಿಡಿಯಿರಿ. ಮ್ಯೂಸೋಪನ್‌ನಂಥ ಸಂಸ್ಥೆಗಳು ಹಳೇ ರಚನೆಗಳನ್ನು ಹೊಸದಾಗಿ ನುಡಿಸಿ ಮುಕ್ತವಾಗಿ ಬಿಟ್ಟಿವೆ. ಕರಕರ ಸದ್ದನ್ನು ಎಡಿಟರ್ ಸೇರಿಸಿಕೊಡುತ್ತಾನೆ.

ಸುಮ್ನೆ ಹಾಕಿಬಿಟ್ಟರೆ ಏನಾಗುತ್ತದೆ ಅಂತಲೂ ಕೇಳುತ್ತಾರೆ. ಹೆಚ್ಚಿನ ಸಲ ಯೂಟ್ಯೂಬ್‌ನಲ್ಲಿ ಒಂದು ಕ್ಲೇಮ್ ಬಂದು ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ, ಅಷ್ಟೇ. ಆದರೆ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 63ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 3 ವರ್ಷ ಸಜೆ, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ. 62ನೇ ಸೆಕ್ಷನ್ ಪ್ರಕಾರ ಕಂಪನಿ ತನ್ನ ವ್ಯವಹಾರದ ಊರಿನಲ್ಲೇ ದಾವೆ ಹೂಡಬಹುದು. ಮುಖ್ಯ ಕಚೇರಿ ಮುಂಬೈನಲ್ಲಿದ್ದರೆ ಪ್ರತಿ ತಾರೀಖಿಗೂ ನೀವು ಕಲಬುರಗಿಯಿಂದ ರಾತ್ರಿ ರೈಲು ಹಿಡಿಯಬೇಕು.

ಕೊನೆಗೆ ಒಂದು ಸಣ್ಣ ಕೆಲಸ. ಎಡಿಟ್ ಮಾಡುವಾಗಲೇ ಒಂದು ಕ್ಯೂ ಶೀಟ್ ಬರೆದಿಡಿ. ಯಾವ ದೃಶ್ಯದಲ್ಲಿ ಯಾವ ರಚನೆ, ಯಾರು ನುಡಿಸಿದ್ದು, ಯಾವ ಪ್ಲೇಟು, ಎಷ್ಟು ಸೆಕೆಂಡ್. ಒಟಿಟಿಯವರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಆರು ತಿಂಗಳ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತು ಇದು ಯಾವ ಸಿಂಫನಿ ಅಂತ ಗುರುತಿಸಲು ನಿಮ್ಮ ಎಡಿಟರ್‌ಗೂ ಆಗಲ್ಲ, ನನಗಂತೂ ಆಗಲ್ಲ.