ಹಳೇ ಗೋಡೆಯ ಗುರುತು ಹೆಸರಿನ ತಲೆಗೋ ಬಾಲಕ್ಕೋ?

ಚಿಕ್ಕಮಗಳೂರಿನ ಸುತ್ತ ಹಳೇ ಎಸ್ಟೇಟ್ ಬಂಗಲೆಯೊಂದನ್ನು ಹೋಂಸ್ಟೇ ಮಾಡಲು ಹೊರಟರೆ ನಕ್ಷೆಯಲ್ಲಿ ಗೋಡೆಗಳು ಮೂರು ಬಗೆಯಾಗುತ್ತವೆ: ಉಳಿಯುವವು, ಒಡೆಯುವವು, ಹೊಸದಾಗಿ ಏಳುವವು. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕ್ಯಾಡ್‌ನಲ್ಲಿ ಈ ಗುರುತನ್ನು ಲೇಯರ್ (ಪದರ) ಹೆಸರಿನ ಮುಂದೆ ಹಾಕಬೇಕೋ ಕೊನೆಗೋ ಎಂಬುದೇ ಪ್ರಶ್ನೆ. ಈ ಭೇದ ಕ್ಯಾಡ್ ಬರುವ ಮೊದಲೇ ಇತ್ತು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಬಿಳಿ ನಕ್ಷೆಯಲ್ಲಿ ಇರುವ ಕಟ್ಟಡಕ್ಕೆ ಕಪ್ಪು ಗೆರೆ, ಕೆಡವುವುದಕ್ಕೆ ಹಳದಿ ಗೀಟು, ಹೊಸದಕ್ಕೆ ತುಂಬಿದ ಕೆಂಪು. ಅದೇ ಅಮೋನಿಯಾ ಪ್ರಿಂಟಿನಲ್ಲಾದರೆ ಹಳೆಯದು ನೀಲಿ. ಬಣ್ಣ ನೋಡಿದರೆ ಸಾಕಿತ್ತು, ಹೆಸರು ಬೇಕಿರಲಿಲ್ಲ.

1982ರಲ್ಲಿ ಆಟೋಕ್ಯಾಡ್ ಬಂತು. ಪಾರದರ್ಶಕ ಹಾಳೆಗಳನ್ನು ಪಿನ್‌ಗೆ ಸಿಕ್ಕಿಸಿ ಒಂದರ ಮೇಲೊಂದು ಇಡುತ್ತಿದ್ದ ಪದ್ಧತಿ ಲೇಯರ್ ಆಯಿತು, ಹೆಸರು ಮಾತ್ರ ಅವರವರ ಇಷ್ಟ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಎಐಎ 1990ರಲ್ಲಿ ಲೇಯರ್ ಮಾರ್ಗಸೂಚಿ ತಂದಿತು, 1997ರಲ್ಲಿ ಪರಿಷ್ಕರಿಸಿತು. 1998ರಲ್ಲಿ ಲೇಯರ್ ಹೆಸರಿನ ಅಂತರರಾಷ್ಟ್ರೀಯ ಮಾನಕ ಐಎಸ್ಒ 13567 ಬಂತು. ಆಗ ಲೇಯರ್ ಹೆಸರಿಗೆ 31 ಅಕ್ಷರಗಳ ಮಿತಿ ಇತ್ತು (ಆಟೋಕ್ಯಾಡ್ 2000 ಅದನ್ನು 255ಕ್ಕೆ ಏರಿಸಿತು). ನಾಲ್ಕಕ್ಷರದ ಗಿಡ್ಡ ಸಂಕೇತಗಳ ರೂಢಿ ಆ ಬಿಗಿಯಲ್ಲೇ ಬೆಳೆದದ್ದು. ಸ್ಥಿತಿ ಹೇಳುವ ಸಂಕೇತಕ್ಕೂ ಮೊದಲು ನಾಲ್ಕಕ್ಷರವಿತ್ತು, ಆಮೇಲೆ ಒಂದಕ್ಷರಕ್ಕೆ ಇಳಿಯಿತು: ಉಳಿಯುವುದು 'ಇ' (ಎಕ್ಸಿಸ್ಟಿಂಗ್), ಕೆಡವುವುದು 'ಡಿ' (ಡೆಮಾಲಿಷ್), ಹೊಸದು 'ಎನ್' (ನ್ಯೂ).

ಎಡವುವುದು ಇಲ್ಲೇ. 'ಇ-ವಾಲ್' ಎಂದು ಮುಂದೆ ಹಾಕಿದರೆ ಓದುವವರಿಗೆ ಅದು ಎಲೆಕ್ಟ್ರಿಕಲ್, ಏಕೆಂದರೆ ಮೊದಲ ಅಕ್ಷರ ವಿಭಾಗಕ್ಕೆ ಮೀಸಲು. 'ಎ-ವಾಲ್-ಇ' ಎಂದು ಬಾಲಕ್ಕೆ ಹಾಕಿದರೆ ಗೊಂದಲವಿಲ್ಲ, ಮುಂದಿನ 'ಎ' ಆರ್ಕಿಟೆಕ್ಚರ್ ವಿಭಾಗದ್ದು. ಪಟ್ಟಿಯಲ್ಲಿ ಗೋಡೆಗಳೆಲ್ಲ ಒಂದೆಡೆ ಕೂರುತ್ತವೆ, '*-ಡಿ' ಎಂದು ಫಿಲ್ಟರ್ ಕೊಟ್ಟರೆ ಕೆಡವುವುದಷ್ಟೇ ಕಾಣುತ್ತದೆ. ಹೇಗೂ ಬದಲಾಗುವುದು ಗೋಡೆಯ ಸ್ಥಿತಿ, ಗೋಡೆಯಲ್ಲ.

ಕೆಲಸ ಹೀಗೆ ಸಾಗಲಿ: ಅಳತೆ ತೆಗೆದದ್ದೆಲ್ಲ, ಜಗುಲಿಯಿಂದ ಕಣದವರೆಗೆ, ಮೊದಲು 'ಇ'ಯಲ್ಲಿ ಬರಲಿ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ಮೂರಡಿ ಅಗಲ, ಏಳಡಿ ಎತ್ತರದ ಬಾಗಿಲು ತೆಗೆಯಬೇಕಾದರೆ ಆ ಜಾಗದಲ್ಲಿ ಗೆರೆ ಕತ್ತರಿಸಿ, ತುಂಡನ್ನು 'ಡಿ'ಗೆ ಸಾಗಿಸಿ. ಅಳಿಸಿದರೆ ಮುಗಿಯಿತು: 31.5 ಘನ ಅಡಿ ಒಡೆದ ಲೆಕ್ಕ ಬಿಲ್ಲಿನಿಂದ ಮಾಯ, ಆಮೇಲೆ ಮೇಸ್ತ್ರಿ ಹೇಳಿದ್ದೇ ಅಳತೆ. ಬಣ್ಣ, ಗೆರೆಯ ಬಗೆ ಎಲ್ಲವೂ 'ಬೈ ಲೇಯರ್' ಇರಲಿ, ಅಂದರೆ ಲೇಯರ್‌ನಿಂದಲೇ ಬರಲಿ. ಗೆರೆಗೇ ನೇರವಾಗಿ ಬಣ್ಣ ಕೊಟ್ಟಿದ್ದರೆ ಅದು 'ಡಿ'ಗೆ ಹೋದರೂ ಹಳೇ ಬಣ್ಣದಲ್ಲೇ ಉಳಿಯುತ್ತದೆ, ಪ್ರಿಂಟ್ ನೋಡಿದವರು ಗೋಡೆ ಉಳಿಯುತ್ತದೆ ಅಂದುಕೊಳ್ಳುತ್ತಾರೆ.

ಸರ್ವೆಯನ್ನು ಬೇರೆ ಫೈಲಿನಲ್ಲಿಟ್ಟು ಎಕ್ಸ್‌ರೆಫ್ ಮಾಡಿಕೊಳ್ಳುವುದು (ಆ ಫೈಲನ್ನು ಮುಖ್ಯ ನಕ್ಷೆಗೆ ಕೊಂಡಿಯಾಗಿ ಜೋಡಿಸುವುದು) ಚೊಕ್ಕಟ, ಆದರೆ ಮುಖ್ಯ ನಕ್ಷೆಯಲ್ಲಿ ಕೂತು ಆ ಗೋಡೆಯನ್ನು ನೇರವಾಗಿ ಕತ್ತರಿಸಲಾಗದು. ಕತ್ತರಿಸುವ ಕೆಲಸ ಸರ್ವೆ ಫೈಲಿನಲ್ಲೇ ಆಗಬೇಕು, ಅದಕ್ಕೂ ಮೊದಲು ಮೂಲದ ಪ್ರತಿ ಎತ್ತಿಡಬೇಕು.

ಎರಡನೇ ಹಂತಕ್ಕೆ ಹೋದಾಗ ಮೊದಲ ಹಂತದ ಹೊಸ ಗೋಡೆಯೇ ಹಳೆಯದು. 'ಎ-ವಾಲ್-ಎನ್' ಹೆಸರನ್ನು 'ಎ-ವಾಲ್-ಇ' ಮಾಡಲು ಹೋದರೆ ರೀನೇಮ್ ಒಪ್ಪುವುದಿಲ್ಲ, ಆ ಹೆಸರು ಆಗಲೇ ಇದೆ. ಅಲ್ಲಿ ಬೇಕಾದದ್ದು ಲೇಯರ್ ಮರ್ಜ್, ಅಂದರೆ ಒಂದು ಲೇಯರನ್ನು ಇನ್ನೊಂದರಲ್ಲಿ ಸೇರಿಸುವುದು. ಅದಕ್ಕೂ ಮುನ್ನ 'ಡಿ' ಲೇಯರ್‌ಗಳನ್ನು ಪ್ರತ್ಯೇಕ ಫೈಲಿಗೆ ತೆಗೆದಿಡಿ. ಕೆಡವಿದ ಗೋಡೆ ಎರಡನೇ ಹಂತದ ನಕ್ಷೆಯಲ್ಲಿ ಇರಬಾರದು, ಬಿಲ್ಲಿನ ದಾಖಲೆಯಲ್ಲಿ ಇರಲೇಬೇಕು.