ಹಳೆ ಗಣಿಯ ಬಾಕಿ, ಹೊಸ ಗಣಿಯ ಬಂಡವಾಳ

2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಒಂದು ಸುದ್ದಿ ಕೊಟ್ಟಿತು. ಜಮ್ಮುವಿನ ರಿಯಾಸಿ ಜಿಲ್ಲೆಯಲ್ಲಿ ಸುಮಾರು 59 ಲಕ್ಷ ಟನ್ ಲಿಥಿಯಂ ನಿಕ್ಷೇಪದ ಅಂದಾಜು ಸಿಕ್ಕಿದೆ ಎಂದಿತು. ದೇಶವೆಲ್ಲ ಸಂಭ್ರಮಪಟ್ಟಿತು. ಬ್ಯಾಟರಿಗೆ ಬೇಕಾದ ಲೋಹ ನಮ್ಮ ನೆಲದಲ್ಲೇ ಇದೆ ಅಂದರೆ ಸಣ್ಣ ಮಾತಲ್ಲ. ಆದರೆ ಆ ಬ್ಲಾಕನ್ನು ಹರಾಜಿಗಿಟ್ಟಾಗ ಬೇಕಾದಷ್ಟು ಬಿಡ್‌ದಾರರು ಬರಲೇ ಇಲ್ಲ. ಹರಾಜು ರದ್ದಾಯಿತು. ಮತ್ತೊಮ್ಮೆ ಕರೆದರು. ಆಗಲೂ ಅದೇ ಕತೆ.

ಇದಕ್ಕೆ ತಾಂತ್ರಿಕ ಕಾರಣಗಳಿವೆ. ಅಲ್ಲಿ ನಡೆದದ್ದು ಆರಂಭದ ಹಂತದ ಶೋಧ ಮಾತ್ರ. ಅದಿರಿನಿಂದ ಲಿಥಿಯಂ ತೆಗೆಯುವ ದಾರಿ ಸ್ಪಷ್ಟವಾಗಿರಲಿಲ್ಲ. ಜಾಗ ಬೇರೆ ಭೂಕಂಪದ ಹಿಮಾಲಯ. ಆದರೆ ಗಣಿಗೆ ದುಡ್ಡು ಹಾಕುವವರು ಇನ್ನೊಂದು ಲೆಕ್ಕವನ್ನೂ ಹಾಕುತ್ತಾರೆ. ಈ ಗಣಿಯನ್ನು ಮುಂದಿನ 30 ವರ್ಷ ಊರಿನವರು, ಕೋರ್ಟು, ಸರ್ಕಾರ ನಡೆಯಲು ಬಿಡುತ್ತಾರಾ? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಇವತ್ತಿಗೂ ಗಟ್ಟಿ ಉತ್ತರವಿಲ್ಲ. ಯಾಕಿಲ್ಲ ಅಂತ ತಿಳಿಯಬೇಕಾದರೆ ಕರ್ನಾಟಕದ ಗಣಿಗಳ ಹಿಂದಿನ ಕತೆ ನೋಡಬೇಕು.

ನಮ್ಮಲ್ಲಿ ಗಣಿಗೆ ಬಂಡವಾಳ ಬರಲಿಲ್ಲ ಎಂಬ ಕೊರಗು ಇರಲಿಲ್ಲ. ಲಂಡನ್ನಿನಿಂದ ಬಂತು, ಟೆಹರಾನಿನಿಂದ ಬಂತು, ಚೀನಾದ ಬೇಡಿಕೆಯ ಬೆನ್ನಿಗೂ ಬಂತು. ಬಂದ ದುಡ್ಡು ಏನು ಬಿಟ್ಟುಹೋಯಿತು ಅನ್ನುವುದೇ ಈಗಿನ ತೊಡಕು.

ಮೊದಲು ಕೋಲಾರ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ಇಲ್ಲಿ ಕಾಲಿಟ್ಟಿತು. ಆ ಬಂಡವಾಳದ ತಾಕತ್ತು ದೊಡ್ಡದು. ಗಣಿಗೆ ಕರೆಂಟು ಬೇಕು ಎಂದೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೆಜಿಎಫ್‌ಗೆ ತಂತಿ ಎಳೆದರು. ಬೆಂಗಳೂರಿನ ಬೀದಿ ದೀಪಕ್ಕೆ ಕರೆಂಟು ಬಂದದ್ದು ಅದಾದ ಮೂರು ವರ್ಷಕ್ಕೆ. ಚಾಂಪಿಯನ್ ರೀಫ್ ಗಣಿ ನೆಲದೊಳಗೆ 3 ಕಿ.ಮೀ.ಗಿಂತ ಆಳಕ್ಕೆ ಇಳಿಯಿತು. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು. 1972ರಲ್ಲಿ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್) ಎಂಬ ಕೇಂದ್ರದ ಕಂಪನಿ ಆಯಿತು. 2001ರಲ್ಲಿ ಬೀಗ ಬಿತ್ತು. ಅಷ್ಟು ಹೊತ್ತಿಗೆ ಸುಮಾರು 800 ಟನ್ ಚಿನ್ನ ಮೇಲೆ ಬಂದಿತ್ತು.

ಉಳಿದದ್ದು ಸೈನೈಡ್ ಗುಡ್ಡಗಳು. ಚಿನ್ನ ಬೇರ್ಪಡಿಸಿದ ಮೇಲೆ ಸುರಿದ ನುಣ್ಣನೆ ಪುಡಿಯ ರಾಶಿಗಳು ಅವು. ಮಳೆ ಬಂದರೆ ಮೈಮೇಲೆ ಕೊರಕಲು ಬೀಳುತ್ತದೆ. ಗಾಳಿ ಕಾಲದಲ್ಲಿ ಆ ಪುಡಿ ಎದ್ದು ಕಾರ್ಮಿಕರ ಲೈನ್ ಮನೆಗಳ ಮೇಲೆ ಕೂರುತ್ತದೆ. ಒಂದು ಕೋಣೆಯ ಆ ಮನೆಗಳ ಹಕ್ಕುಪತ್ರಕ್ಕಾಗಿ, ಬಾಕಿ ಹಣಕ್ಕಾಗಿ ಗಣಿ ಕಾರ್ಮಿಕರು ವರ್ಷಗಟ್ಟಲೆ ಅಲೆದರು. ಅವರ ಮಕ್ಕಳು ಇವತ್ತೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಗಣಿ ಮುಚ್ಚುವಾಗ ಏನು ಮಾಡಬೇಕು ಎಂಬುದಕ್ಕೆ ದುಡ್ಡು ತೆಗೆದಿಡುವ ಪದ್ಧತಿಯೇ ಆಗ ಇರಲಿಲ್ಲ.

ಎರಡನೆಯದು ಕುದುರೆಮುಖ. ಈ ಅಧ್ಯಾಯ ಈಗ ಬಹಳ ಜನರಿಗೆ ಮರೆತೇ ಹೋಗಿದೆ. 1975ರ ಆಸುಪಾಸಿನಲ್ಲಿ ಇರಾನಿನ ಷಾ ಸರ್ಕಾರಕ್ಕೆ ಉಕ್ಕು ಮಾಡಲು ಅದಿರು ಬೇಕಿತ್ತು. ಭಾರತಕ್ಕೆ ಡಾಲರ್ ಬೇಕಿತ್ತು. 63 ಕೋಟಿ ಡಾಲರ್ ಸಾಲ ಕೊಡುತ್ತೇವೆ, ಅದಿರು ನಮಗೆ ಕೊಡಿ ಎಂದು ಇರಾನ್ ಒಪ್ಪಿಕೊಂಡಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಪಶ್ಚಿಮ ಘಟ್ಟದ ಮಳೆಕಾಡಿನ ನಡುವೆ ಟೌನ್‌ಶಿಪ್ ಎದ್ದಿತು, ಲಕ್ಯಾ ಅಣೆಕಟ್ಟು ಬಂತು. ಅದಿರನ್ನು ಪುಡಿಮಾಡಿ, ನೀರಲ್ಲಿ ಕಲಸಿ, ಸುಮಾರು 67 ಕಿ.ಮೀ. ಪೈಪಿನಲ್ಲಿ ಮಂಗಳೂರಿಗೆ ಇಳಿಸುವ ವ್ಯವಸ್ಥೆಯಾಯಿತು. ಎಂಜಿನಿಯರಿಂಗ್ ಕೆಲಸವಾಗಿ ನೋಡಿದರೆ ನಿಜಕ್ಕೂ ಬೆರಗಾಗುತ್ತದೆ. ಆದರೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಷಾ ಓಡಿಹೋದರು. ಸಾಲವೂ ಅರ್ಧಕ್ಕೇ ನಿಂತಿತು, ಕೊಳ್ಳುವವರೂ ಇಲ್ಲವಾದರು. ಒಬ್ಬನೇ ಗಿರಾಕಿಯನ್ನು ನಂಬಿ ಬೆಟ್ಟ ಅಗೆದರೆ ಏನಾಗುತ್ತದೆ ಅಂತ ದೇಶಕ್ಕೆ ಗೊತ್ತಾದದ್ದು ಆಗ.

ಕಂಪನಿ ಬೇರೆ ಗಿರಾಕಿ ಹುಡುಕಿಕೊಂಡು ಬದುಕಿತು, ಲಾಭವನ್ನೂ ಮಾಡಿತು. ಆದರೆ ಕಾಡಿನ ಲೆಕ್ಕ ಬೆಳೆಯುತ್ತಲೇ ಹೋಯಿತು. ಭದ್ರಾ ನದಿಗೆ ಹೂಳು ಹರಿಯಿತು. 1987ರಲ್ಲಿ ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದರು. ಗಣಿ ನಿಲ್ಲಿಸಿ ಎಂದು ಮಲೆನಾಡಿನ ಜನ, ಪರಿಸರ ಕಾರ್ಯಕರ್ತರು ವರ್ಷಗಟ್ಟಲೆ ಹೋರಾಡಿದರು. ಸುಪ್ರೀಂ ಕೋರ್ಟ್ 2002ರಲ್ಲಿ ಅವರ ಪರ ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಇನ್ನು ಬಳ್ಳಾರಿ. 1993ರ ರಾಷ್ಟ್ರೀಯ ಖನಿಜ ನೀತಿ ಖಾಸಗಿಯವರಿಗೂ ವಿದೇಶಿಯರಿಗೂ ಬಾಗಿಲು ತೆರೆದಿತ್ತು. 2003ರಲ್ಲಿ ರಾಜ್ಯ ಸರ್ಕಾರ ತನಗಾಗಿ ಕಾಯ್ದಿಟ್ಟಿದ್ದ 11,620 ಚದರ ಕಿ.ಮೀ. ಪ್ರದೇಶವನ್ನು ಖಾಸಗಿ ಗಣಿಗಾರಿಕೆಗೆ ಬಿಟ್ಟಿತು. ಉದ್ದೇಶ ಹೂಡಿಕೆ ತರುವುದೇ. ಅದೇ ಹೊತ್ತಿಗೆ ಬೀಜಿಂಗ್ ಒಲಿಂಪಿಕ್ಸಿಗೆ ಸಜ್ಜಾಗುತ್ತಿದ್ದ ಚೀನಾ ಸಿಕ್ಕಷ್ಟು ಅದಿರು ಕೊಳ್ಳತೊಡಗಿತು. ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿತು. ಸರ್ಕಾರಕ್ಕೆ ಬರುವ ರಾಜಧನ ಮಾತ್ರ ಒಳ್ಳೆ ಗುಣಮಟ್ಟದ ಅದಿರಿಗೂ ಟನ್ನಿಗೆ 27 ರೂಪಾಯಿ! ಬೆಲೆಯ ಶೇ 10ರಷ್ಟು ಎಂದು ಅದು ಬದಲಾದದ್ದು 2009ರ ಆಗಸ್ಟಿನಲ್ಲಿ. ಅಷ್ಟರಲ್ಲಿ ದುಡ್ಡು ಮಾಡುವವರು ಮಾಡಿಯಾಗಿತ್ತು.

ಆ ದಿನಗಳಲ್ಲಿ ಸಂಡೂರು, ಹೊಸಪೇಟೆ ಕಡೆ ಓಡಾಡಿದವರಿಗೆ ಗೊತ್ತು. ರಸ್ತೆ ಪಕ್ಕದ ಹತ್ತಿ, ಮೆಣಸಿನ ಗಿಡದ ಎಲೆಯೆಲ್ಲ ಕೆಂಪು. ಹೋಟೆಲಿನ ನೀರಿನ ಲೋಟದ ತಳದಲ್ಲೂ ಕೆಂಪು ಧೂಳು. ಪರ್ಮಿಟ್‌ನಲ್ಲಿ ಬರೆದ ತೂಕವೇ ಬೇರೆ, ಲಾರಿಯಲ್ಲಿ ತುಂಬಿದ ತೂಕವೇ ಬೇರೆ. ಬೇಲೆಕೇರಿ ಬಂದರಿನಲ್ಲಿ ವಶಪಡಿಸಿಕೊಂಡು ಇಟ್ಟಿದ್ದ ಲಕ್ಷಾಂತರ ಟನ್ ಅದಿರೇ ಮಾಯವಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ತಮ್ಮ ಎರಡನೇ ವರದಿ ಕೊಟ್ಟರು. ನಷ್ಟ 16,085 ಕೋಟಿ ರೂಪಾಯಿ ಎಂದರು. ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಮೊದಲು ಬಳ್ಳಾರಿಯಲ್ಲಿ, ತಿಂಗಳೊಳಗೆ ಚಿತ್ರದುರ್ಗ ಮತ್ತು ತುಮಕೂರಿನಲ್ಲೂ ಗಣಿಗಾರಿಕೆ ನಿಲ್ಲಿಸಿತು. ನಿಯಮದಂತೆ ನಡೆದವರ ಗಣಿಯೂ ನಿಂತಿತು. ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆಗೆ ಅದಿರು ಸಾಲದೆ ಉತ್ಪಾದನೆ ತಗ್ಗಿಸಬೇಕಾಯಿತು. ಲಾರಿ ಸಾಲ ಮಾಡಿದ್ದ ಸಾವಿರಾರು ಕುಟುಂಬ ಬೀದಿಗೆ ಬಂದವು. ಹೂಡಿಕೆದಾರರನ್ನು ಹೆದರಿಸಿದ್ದು ಪರಿಸರ ಕಾನೂನು ಎಂದು ಹೇಳುವವರು ಈ ಭಾಗವನ್ನು ಮತ್ತೊಮ್ಮೆ ಓದಬೇಕು. ಕಾನೂನು ಕೆಲಸ ಮಾಡದ ವರ್ಷಗಳೇ ಅಲ್ಲಿಗೆ ತಂದು ನಿಲ್ಲಿಸಿದ್ದು.

ಅಲ್ಲಿಂದ ಮುಂದೆ ನಡೆದದ್ದು ನನ್ನ ಪ್ರಕಾರ ದೇಶದ ಗಣಿ ಇತಿಹಾಸದಲ್ಲೇ ದೊಡ್ಡ ಪ್ರಯೋಗ. ಕೋರ್ಟು ನೇಮಿಸಿದ್ದ ಉನ್ನತಾಧಿಕಾರ ಸಮಿತಿ ಗಣಿಗಳನ್ನು ಎ, ಬಿ, ಸಿ ಎಂದು ಮೂರು ಭಾಗ ಮಾಡಿತು. ಹೆಚ್ಚು ಅಕ್ರಮ ನಡೆದ ಸಿ ದರ್ಜೆಯ ಸುಮಾರು 50 ಗುತ್ತಿಗೆಗಳು 2013ರ ಏಪ್ರಿಲ್ ತೀರ್ಪಿನಲ್ಲಿ ರದ್ದಾದವು. ಬಿ ದರ್ಜೆಯವರು ಗಡಿ ಮೀರಿ ಅಗೆದ ಹೆಕ್ಟೇರಿಗೆ 5 ಕೋಟಿ, ಗಡಿ ಮೀರಿ ಮಣ್ಣು ಸುರಿದ ಹೆಕ್ಟೇರಿಗೆ 1 ಕೋಟಿ ಕಟ್ಟಬೇಕಾಯಿತು. ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಹೇಳಲು ಸುಲಭ, ಆದರೆ ಅದರ ವಿವರ ನೋಡಿ. ಮಣ್ಣಿನ ರಾಶಿಯ ಬುಡಕ್ಕೆ ಕಲ್ಲಿನ ಗೋಡೆ, ರಾಶಿಯ ಸುತ್ತ ಚರಂಡಿ, ಚರಂಡಿಯ ನೀರು ಹೂಳು ಬಿಟ್ಟು ಹೋಗಲು ಹೊಂಡ, ಹಳ್ಳಕ್ಕೆ ಚೆಕ್ ಡ್ಯಾಂ, ಇಳಿಜಾರಿಗೆ ಹುಲ್ಲು ಗಿಡ. ಇಷ್ಟಾಗದೆ ಅದಿರು ತೆಗೆಯುವಂತಿಲ್ಲ. ಅದಿರನ್ನು ಇ-ಹರಾಜಿನಲ್ಲೇ ಮಾರಬೇಕಿತ್ತು; 2022ರಲ್ಲಿ ಕೋರ್ಟು ಈ ನಿಯಮ ಸಡಿಲಿಸಿತು. ಮೂರು ಜಿಲ್ಲೆಗೂ ಸೇರಿ ವರ್ಷಕ್ಕೆ 3 ಕೋಟಿ ಟನ್ನಿನ ಮಿತಿ ಹಾಕಿದರು. 2017ರಲ್ಲಿ ಅದು 3.5 ಕೋಟಿಯಾಯಿತು, 2022ರಲ್ಲಿ 5 ಕೋಟಿಯಾಯಿತು.

ಬಂಡವಾಳ ಓಡಿಹೋಯಿತಾ? ಇಲ್ಲ. 2015ರಲ್ಲಿ ಕಾನೂನು ಬದಲಾಗಿ ಗಣಿ ಗುತ್ತಿಗೆಗೆ ಹರಾಜು ಕಡ್ಡಾಯವಾಯಿತು. 2016ರ ಹರಾಜಿನಲ್ಲಿ ತೋರಣಗಲ್ಲಿನ ಅದೇ ಉಕ್ಕಿನ ಕಂಪನಿ ಜೆಎಸ್‌ಡಬ್ಲ್ಯು ಐದು ಸಿ ದರ್ಜೆ ಗಣಿಗಳನ್ನು ಗೆದ್ದಿತು. ಇಷ್ಟೇ ಅದಿರು, ಇಂಥದೇ ನಿಯಮ, ಇಷ್ಟು ವರ್ಷ ಎಂದು ಮೊದಲೇ ಗೊತ್ತಿದ್ದರೆ ಗಟ್ಟಿ ಕಂಪನಿಗಳು ಬಂದೇ ಬರುತ್ತವೆ.

ಆದರೆ ಹರಾಜಿನಲ್ಲೂ ಒಂದು ಕೊರತೆ ಇದೆ. ಅಲ್ಲಿ ನೋಡುವುದು ಸರ್ಕಾರಕ್ಕೆ ಯಾರು ಜಾಸ್ತಿ ಪಾಲು ಕೊಡುತ್ತಾರೆ ಅನ್ನುವುದನ್ನು ಮಾತ್ರ. 2020ರಲ್ಲಿ ಒಡಿಶಾದಲ್ಲಿ ಕೆಲವರು ಅದಿರಿನ ಸರಾಸರಿ ಬೆಲೆಯ ಶೇ 100ಕ್ಕೂ ಜಾಸ್ತಿ ಕೊಡುತ್ತೇವೆ ಎಂದು ಬಿಡ್ ಹಾಕಿದರು. ಹಾಗೆ ಗೆದ್ದವರು ಬೆಟ್ಟ ಸರಿಮಾಡಲು ದುಡ್ಡು ಎಲ್ಲಿಂದ ತರುತ್ತಾರೆ? ಹಳೆಯ ಗಣಿಯನ್ನು ಎಷ್ಟು ಚೆನ್ನಾಗಿ ಮುಚ್ಚಿದ್ದೀರಿ ಎಂಬುದಕ್ಕೆ ಹರಾಜಿನಲ್ಲಿ ಅಂಕವಿಲ್ಲ. ಇದು ಬದಲಾಗಲೇಬೇಕು.

ಸರ್ಕಾರದ ಮಾತು ಬದಲಾಗುವುದೂ ಹೂಡಿಕೆದಾರರಿಗೆ ದೊಡ್ಡ ತಲೆನೋವು. ಸಂಡೂರಿನ ದೋಣಿಮಲೆಯಲ್ಲಿ ಕೇಂದ್ರದ್ದೇ ಕಂಪನಿ ಎನ್‌ಎಂಡಿಸಿಯ ಗುತ್ತಿಗೆ 2018ರಲ್ಲಿ ಮುಗಿಯಿತು. ನವೀಕರಿಸಲು ಶೇ 80ರಷ್ಟು ಪಾಲು ಕೊಡಿ ಎಂದು ರಾಜ್ಯ ಕೇಳಿತು. ಜಗಳ ಮುಗಿದು ಶೇ 22.5ಕ್ಕೆ ಒಪ್ಪಂದವಾಗಿ ಗಣಿ ಮತ್ತೆ ಶುರುವಾಗುವ ಹೊತ್ತಿಗೆ 2021 ಬಂದಿತ್ತು. 2024ರ ಜುಲೈನಲ್ಲಿ ಖನಿಜದ ಮೇಲೆ ತೆರಿಗೆ ಹಾಕುವ ಹಕ್ಕು ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8-1ರಲ್ಲಿ ಹೇಳಿತು. ಒಪ್ಪದೆ ಬೇರೆ ತೀರ್ಪು ಬರೆದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ರಾಜ್ಯಗಳ ಹಕ್ಕು ನ್ಯಾಯವಾದದ್ದೇ. ಆದರೆ 2005ರಿಂದೀಚಿನ ಹಳೆ ಬಾಕಿಯನ್ನೂ ವಸೂಲು ಮಾಡಬಹುದು ಅಂದಾಗ ಕಂಪನಿಗಳ ಲೆಕ್ಕವೆಲ್ಲ ಅಡಿಮೇಲಾಯಿತು.

ಊರಿನವರ ಮಾತಿಗೂ ಅಷ್ಟೇ ತೂಕ ಇದೆ. ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಕೊರಿಯಾದ ಪೋಸ್ಕೊ ಉಕ್ಕಿನ ಕಾರ್ಖಾನೆ ಕಟ್ಟಲು 2010ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಫಲವತ್ತಾದ ಎರೆಭೂಮಿ ಕೊಡುವುದಿಲ್ಲ ಎಂದು ರೈತರು ಕೂತರು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಜೊತೆ ನಿಂತರು. 2013ರಲ್ಲಿ ಪೋಸ್ಕೊ ವಾಪಸು ಹೋಯಿತು. ಪಕ್ಕದ ಬಳ್ಳಾರಿಯಲ್ಲಿ ಏನಾಯಿತೆಂದು ಅವರು ಕಣ್ಣಾರೆ ಕಂಡಿದ್ದರು ಅಲ್ವಾ?

ಹಳೆ ಬಾಕಿ ಹೊಸ ಹೂಡಿಕೆಗೆ ಹೇಗೆ ಅಡ್ಡ ಬರುತ್ತದೆ ಎಂಬುದು ದೇವದಾರಿಯಲ್ಲಿ ಎದ್ದು ಕಾಣುತ್ತದೆ. ಕುದುರೆಮುಖದ ಅದೇ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ಸಿಕ್ಕಿತು. ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರದಷ್ಟು ಮರ. 2024ರ ಜೂನ್‌ನಲ್ಲಿ ಕೇಂದ್ರದ ಒಪ್ಪಿಗೆ ಮುಂದೆ ಸಾಗಿತು. ಆದರೆ ರಾಜ್ಯದ ಅರಣ್ಯ ಸಚಿವರು ಜಮೀನು ಹಸ್ತಾಂತರ ತಡೆದರು. ಕುದುರೆಮುಖದಲ್ಲಿ ಕಾಡಿಗೆ ಆದ ಹಾನಿಯ ಬಾಕಿ ಕಟ್ಟಿಲ್ಲ ಎಂಬುದು ಅವರು ಕೊಟ್ಟ ಮುಖ್ಯ ಕಾರಣ. ಗಣಿ ಮುಚ್ಚಿ 18 ವರ್ಷ ಕಳೆದಿತ್ತು.

ಬಳ್ಳಾರಿಯಲ್ಲೂ ಇಂಥದೇ ಒಂದು ಗಂಟು ಇದೆ. ಅದಿರು ಮಾರಾಟದ ಪಾಲಿನಿಂದ ಗಣಿಬಾಧಿತ ಹಳ್ಳಿಗಳಿಗೆಂದು ಹತ್ತಾರು ಸಾವಿರ ಕೋಟಿ ರೂಪಾಯಿ ಸೇರಿತು. ಖರ್ಚು ಮಾಡಲು 2014ರಲ್ಲೇ ಒಂದು ನಿಗಮ ಮಾಡಿದರು. ಯೋಜನೆಗೆ ಒಪ್ಪಿಗೆ ಸಿಗದೆ ದುಡ್ಡು ವರ್ಷಗಟ್ಟಲೆ ಸುಮ್ನೆ ಕೂತಿತು. 2022ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಉಸ್ತುವಾರಿಗೆ ನೇಮಿಸಿದ ಮೇಲೆ ಗಾಡಿ ಹೊರಟಿತು. ಕೆಂಪು ಧೂಳು ಕುಡಿದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿಬಿಟ್ಟಿದ್ದರು.

ಈಗ ಕೇಂದ್ರದ ಗಮನವೆಲ್ಲ ಲಿಥಿಯಂ, ಕೋಬಾಲ್ಟ್, ಅಪರೂಪದ ಲೋಹಗಳ ಮೇಲಿದೆ. 2023ರಲ್ಲಿ ಕಾನೂನು ತಿದ್ದಿ 24 ಖನಿಜಗಳನ್ನು ನಿರ್ಣಾಯಕ ಎಂದು ಗುರುತಿಸಿದರು. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿಯ ರಾಷ್ಟ್ರೀಯ ಮಿಷನ್‌ಗೆ ಒಪ್ಪಿಗೆ ಸಿಕ್ಕಿತು. ಹಳೆ ಬ್ಯಾಟರಿ, ಇ-ತ್ಯಾಜ್ಯದಿಂದ ಲೋಹ ತೆಗೆಯುವವರಿಗೂ ಪ್ರೋತ್ಸಾಹಧನ ಇದೆ. ಇದು ಒಳ್ಳೆಯ ಹೆಜ್ಜೆ. ಮಂಡ್ಯದ ಮರ್ಲಗಲ್ಲದಲ್ಲೂ ಪರಮಾಣು ಖನಿಜ ನಿರ್ದೇಶನಾಲಯ 1,600 ಟನ್ ಲಿಥಿಯಂ ಗುರುತಿಸಿದೆ. ಪ್ರಮಾಣ ಸಣ್ಣದು. ಕೆಜಿಎಫ್‌ನ 13 ಗುಡ್ಡಗಳಲ್ಲಿರುವ ಸುಮಾರು 3.3 ಕೋಟಿ ಟನ್ ಪುಡಿಯಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿದೆ.

ಈ ಕೊನೆಯ ಯೋಜನೆಯ ಮೇಲೆ ನನಗೆ ಆಸೆ ಜಾಸ್ತಿ. ಹೊಸ ಕಾಡು ಕಡಿಯಬೇಕಿಲ್ಲ, ಹಳೆ ಹೊಲಸೂ ಕರಗುತ್ತದೆ. ಆದರೆ ಟೆಂಡರಿನಲ್ಲಿ ಒಂದು ಷರತ್ತು ಇರಲೇಬೇಕು. ಗಣಿ ಮುಚ್ಚುವ ಖರ್ಚಿಗೆ ಕಂಪನಿ ಮೊದಲೇ ಇಡುವ ಭದ್ರತಾ ಮೊತ್ತ ಹಿಂದೆ ದೊಡ್ಡ ಗಣಿಗೂ ಹೆಕ್ಟೇರಿಗೆ ಬರೀ 25 ಸಾವಿರ ರೂಪಾಯಿ ಇತ್ತು. 2017ರ ನಿಯಮದಲ್ಲಿ 3 ಲಕ್ಷಕ್ಕೆ, 2021ರ ತಿದ್ದುಪಡಿಯಲ್ಲಿ 5 ಲಕ್ಷಕ್ಕೆ ಏರಿಸಿದರು. ಸೈನೈಡ್ ಸೇರಿದ ಪುಡಿಯನ್ನು ಮರುಸಂಸ್ಕರಿಸಿ, ಉಳಿದದ್ದನ್ನು ಗಾಳಿಗೆ ಏಳದಂತೆ ಮುಚ್ಚಿ, ಹತ್ತಾರು ವರ್ಷ ಅಂತರ್ಜಲ ಪರೀಕ್ಷಿಸಲು ಇದು ಯಾತಕ್ಕೂ ಸಾಲದು. ನಿಜವಾದ ಖರ್ಚಿನ ಅಂದಾಜು ಮಾಡಿಸಿ ಅಷ್ಟನ್ನೂ ಮುಂಗಡ ಇಡಿಸಬೇಕು. ಗುಡ್ಡದ ಬುಡದ ಲೈನ್ ಮನೆಗಳ ಹಕ್ಕುಪತ್ರವೂ ಯಂತ್ರಗಳು ಬರುವ ಮೊದಲೇ ಕೈಗೆ ಸಿಗಬೇಕು.